ಮುಕ್ಕಾಲು ಮಿಲಿಮೀಟರ್

ಕಾರು ನಡುಗುತ್ತಿದ್ದದ್ದು ಸರಿಯಾಗಿ 90 ಕಿಲೋಮೀಟರ್ ವೇಗಕ್ಕೆ. 85ರವರೆಗೆ ಏನೂ ಇಲ್ಲ. 90 ದಾಟಿದ ಕೂಡಲೇ ಸ್ಟೀರಿಂಗ್ ಹಿಡಿದ ಬೆರಳುಗಳಲ್ಲಿ ಜುಮ್ಮೆನ್ನುವ ಸಣ್ಣ ನಡುಕ. 105ರ ಹೊತ್ತಿಗೆ ಪಕ್ಕದಲ್ಲಿ ಕೂತವರು "ಇದೇನು ಹೀಗೆ?" ಅಂತ ಕೇಳುವಷ್ಟು ಜೋರು. 120ಕ್ಕೆ ಮತ್ತೆ ಮಾಯ. ಮೂರು ದಿನದ ಹಿಂದಷ್ಟೇ ನಾಲ್ಕೂ ಚಕ್ರ ಬದಲಾಯಿಸಿದ್ದೆ. ಆದರೂ ಚಕ್ರದ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಅಷ್ಟು ಚೆನ್ನಾಗಿ ಕಾಣುತ್ತಿದ್ದವು!

ಕಾರು 1998ರ ಬಿಎಂಡಬ್ಲ್ಯು 740ಐ. ಇ38 ಅಂತ ಕರೆಯುವ ಪೀಳಿಗೆ, 1994ರಿಂದ 2001ರವರೆಗೆ ಬಂದದ್ದು. ನನ್ನ ಕೈಗೆ ಬರುವ ಹೊತ್ತಿಗೆ ಅದಕ್ಕೆ ಸಾಕಷ್ಟು ವಯಸ್ಸಾಗಿತ್ತು. ಡ್ಯಾಶ್‌ಬೋರ್ಡಿನ ಅಕ್ಷರಗಳು ಅರ್ಧಂಬರ್ಧ ಕಾಣುತ್ತಿದ್ದವು. ಆದರೆ ಹಳೇ ರಸ್ತೆಯ ಮೇಲೆ ಅದು ಹೋಗುವ ರೀತಿ ಇದೆಯಲ್ಲ, ಅದಕ್ಕೇ ನಾನು ಸೋತದ್ದು. ಹಳ್ಳ ಬಂದದ್ದು ಕಿವಿಗೆ ಗೊತ್ತಾಗುತ್ತಿತ್ತು, ಬೆನ್ನಿಗೆ ಗೊತ್ತಾಗುತ್ತಿರಲಿಲ್ಲ.

ಒಂದು ಹಳ್ಳ ಮಾತ್ರ ಬೆನ್ನಿಗೂ ಗೊತ್ತಾಯಿತು. ಮಳೆ ನೀರು ತುಂಬಿತ್ತು, ಆಳ ಕಾಣಲಿಲ್ಲ. ಆಮೇಲೆ ಮುಂದಿನ ಎಡಗಡೆ ಟಯರಿನ ಗಾಳಿ ವಾರಕ್ಕೊಮ್ಮೆ ಇಳಿಯತೊಡಗಿತು. ಪಂಕ್ಚರ್ ಅಂದುಕೊಂಡು ಎರಡು ಸಲ ತೋರಿಸಿದೆ, ಮೊಳೆಯೂ ಇಲ್ಲ, ತೂತೂ ಇಲ್ಲ. ಕೊನೆಗೆ ಚಕ್ರ ಬಿಚ್ಚಿ ಒಳಮೈಗೆ ಸೋಪಿನ ನೀರು ಬಳಿದಾಗ, ಅಂಚಿನ ಹತ್ತಿರ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಎದ್ದವು. ಕೂದಲೆಳೆಯಷ್ಟು ಸಣ್ಣ ಬಿರುಕು. ಹೊರಗಿನಿಂದ ನೋಡಿದರೆ ಚಕ್ರ ಹೊಸದರ ಹಾಗಿತ್ತು.

ವೆಲ್ಡ್ ಮಾಡಿಸು ಅಂದವರು ಇದ್ದರು. ನನಗೆ ಧೈರ್ಯ ಬರಲಿಲ್ಲ. ಅಲಾಯ್ ಚಕ್ರಕ್ಕೆ ಬೇಕಾದ ಗಟ್ಟಿತನವನ್ನು ಕಾರ್ಖಾನೆಯಲ್ಲಿ ಕಾಯಿಸಿ ಹದ ಮಾಡಿ ಕೊಟ್ಟಿರುತ್ತಾರೆ. ವೆಲ್ಡಿಂಗ್‌ನ ಬಿಸಿ ತಾಗಿದ ಕಡೆ ಆ ಹದ ಹೋಗಿಬಿಡುತ್ತದೆ. ಅಂಚಿನಲ್ಲಿ ಸಣ್ಣದಾಗಿ ತರಚಿದ್ದನ್ನು ತುಂಬಿಸಿಕೊಳ್ಳಬಹುದು, ಅದು ಅಂದದ ಮಾತು. ಗಾಳಿ ಹಿಡಿಯುವ ಜಾಗದ ಬಿರುಕು ಬೇರೆ ವಿಷಯ.

ಹಾಗಾಗಿ ಬದಲಿ ಚಕ್ರ ಹುಡುಕಲು ಕೂತೆ. ನಿಜ ಹೇಳಬೇಕೆಂದರೆ ಒಂದೇ ಚಕ್ರ ಸಾಕಿತ್ತು. ಆದರೆ ಹುಡುಕಲು ಕೂತವನಿಗೆ ಆಸೆ ಹುಟ್ಟದೆ ಇರುತ್ತದೆಯೇ? ಮೂಲ ಚಕ್ರ 16 ಇಂಚಿನದು, ಆ ದೊಡ್ಡ ಮೈಗೆ ಸ್ವಲ್ಪ ಚಿಕ್ಕದಾಗಿ ಕಾಣುತ್ತಿತ್ತು. 17 ಇಂಚಿನ ಒಂದು ಸೆಟ್ ಕಣ್ಣಿಗೆ ಬಿತ್ತು. ಅದೇ ಕಂಪನಿಯದು, ಅಸಲಿ, ಟಯರ್ ಸಮೇತ. 5 ಸೀರೀಸ್‌ನದು, ಇ39. ಒಂದೇ ಕಾಲದ ಅಣ್ಣ ತಮ್ಮ ಕಾರುಗಳು. ಚಕ್ರದ ಹಿಂಬದಿ ತಿರುಗಿಸಿ ನೋಡಿದೆ. ಐದು ಬೋಲ್ಟ್, ಅವು ಕೂರುವ ಸುತ್ತಿನ ವ್ಯಾಸ 120 ಮಿಲಿಮೀಟರ್, 8 ಇಂಚು ಅಗಲ, ಆಫ್‌ಸೆಟ್ 20. ಅಗಲ ಅರ್ಧ ಇಂಚು ಜಾಸ್ತಿ, ಉಳಿದದ್ದೆಲ್ಲಾ ನಮ್ಮದೇ. ಬೋಲ್ಟಿನ ತಿರುಪಿನ ಅಳತೆ ಕೂಡ ಅದೇ, ಎಂ12, ಅಂದರೆ 12 ಮಿಲಿಮೀಟರ್ ದಪ್ಪ. ಇನ್ನೇನು ಬೇಕು?

ಚಕ್ರ ಹಾಕಿಕೊಟ್ಟವರಿಗೂ ಅನುಮಾನ ಬರಲಿಲ್ಲ. "ಐದೂ ಬೋಲ್ಟ್ ಕೂತ್ವು ಸರ್. ಅಷ್ಟಾದ್ರೆ ಮುಗೀತು."

ಆಮೇಲೆ ಆ ನಡುಕ.

ಮೊದಲು ಬ್ಯಾಲೆನ್ಸಿಂಗ್ ಮಾಡಿಸಿದೆ. ಮೆಷಿನ್ ಸೊನ್ನೆ ತೋರಿಸಿತು. ಇನ್ನೊಂದು ಕಡೆ ಮಾಡಿಸಿದೆ, ಅಲ್ಲೂ ಸೊನ್ನೆ. ಮುಂದಿನ ಎರಡನ್ನು ಹಿಂದಕ್ಕೆ ಹಾಕಿಸಿದೆ. ನಡುಕ ಸ್ಟೀರಿಂಗ್‌ನಿಂದ ಸೀಟಿಗೆ ಬಂತು, ಹೋಗಲಿಲ್ಲ. ಈ ಮಾಡೆಲ್‌ಗೆ ಮುಂದಿನ ಸಸ್ಪೆನ್ಷನ್ ಬುಷ್‌ಗಳು ಸವೆದು ಸ್ಟೀರಿಂಗ್ ನಡುಗುವ ಹಳೇ ಕಾಯಿಲೆ ಒಂದು ಇದೆ. ಸರಿ, ಬುಷ್, ಅಂದರೆ ಕೀಲುಗಳ ನಡುವಿನ ಆ ರಬ್ಬರ್ ಮೆತ್ತೆ, ಅದೇ ಇರಬೇಕು ಅಂತ ಅದನ್ನೂ ಬದಲಾಯಿಸಿದೆ. ಅವೂ ಸವೆದಿದ್ದವು ಅನ್ನಿ, ಆ ಖರ್ಚು ಪೂರ್ತಿ ದಂಡವಲ್ಲ. ಆದರೆ ಹೊಸ ಬುಷ್ ಹಾಕಿಸಿಕೊಂಡು ಹೊರಟ ಮೊದಲ ದಿನವೇ, 90ಕ್ಕೆ ಸರಿಯಾಗಿ, ಜುಮ್.

ಬೇಜಾರಾಗಿ ಒಂದು ಭಾನುವಾರ ಚಕ್ರ ಬಿಚ್ಚಿ ನೆಲಕ್ಕೆ ಮಲಗಿಸಿ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಲು ಕೂತೆ. ಕಾರಿನ ಕಡೆ ಚಕ್ರವನ್ನು ಬಿಗಿಯುವ ಭಾಗಕ್ಕೆ ಹಬ್ ಅನ್ನುತ್ತಾರೆ. ಹಬ್‌ನ ನಡುವಿನಲ್ಲಿ ಹೊರಕ್ಕೆ ಚಾಚಿದ ಉಬ್ಬು ಬಳೆ ಒಂದಿರುತ್ತದಲ್ಲ, ಅದನ್ನು ಅಳೆದೆ. 72.5. ಚಕ್ರದ ನಡುವಿನ ತೂತು ಅಳೆದೆ. 74.1. ಮತ್ತೊಮ್ಮೆ ಅಳೆದೆ, ಅಷ್ಟೇ.

ಆಗ ಗೊತ್ತಾಯಿತು. ಆ ಕಾಲದ ಬಿಎಂಡಬ್ಲ್ಯುಗಳಲ್ಲಿ ಹೆಚ್ಚಿನವಕ್ಕೆ ನಡುವಿನ ತೂತು 72.6 ಮಿಲಿಮೀಟರ್. ಇ39ಕ್ಕೆ ಮಾತ್ರ 74.1. ವ್ಯತ್ಯಾಸ ಒಂದೂವರೆ ಮಿಲಿಮೀಟರ್. ಸುತ್ತಲೂ ಹಂಚಿದರೆ ಒಂದು ಬದಿಗೆ ಮುಕ್ಕಾಲು ಮಿಲಿಮೀಟರ್. ಉಗುರಿನ ದಪ್ಪಕ್ಕಿಂತ ಚೂರು ಜಾಸ್ತಿ. ಉಲ್ಟಾ ಆಗಿದ್ದರೆ, ಅಂದರೆ ನಾನು 7 ಸೀರೀಸ್ ಚಕ್ರವನ್ನು ಇ39ಕ್ಕೆ ಹಾಕಲು ಹೋಗಿದ್ದರೆ, ಅದು ಒಳಗೆ ಹೋಗುತ್ತಲೇ ಇರಲಿಲ್ಲ. ಅಲ್ಲೇ ತಿಳಿದುಬಿಡುತ್ತಿತ್ತು. ಸಡಿಲ ಇದ್ದದ್ದಕ್ಕೇ ಮೋಸ ಹೋದದ್ದು.

ಕಾರಿನ ಭಾರ ಹೊರುವುದು ಬೋಲ್ಟುಗಳ ಬಿಗಿತ. ಅವು ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯುತ್ತವೆ, ಆ ಒತ್ತಡದಲ್ಲಿ ಚಕ್ರ ಜಾರದೆ ನಿಲ್ಲುತ್ತದೆ. ನಡುವಿನ ಉಬ್ಬು ಬಳೆಯ ಕೆಲಸ ಚಕ್ರವನ್ನು ಸರಿಯಾಗಿ ನಟ್ಟನಡುವೆ ಕೂರಿಸುವುದು. ಬಳೆಗೂ ತೂತಿಗೂ ನಡುವೆ ಸಂದು ಇದ್ದರೆ ಚಕ್ರ ಎಲ್ಲಿಗೆ ವಾಲಿತ್ತೋ ಅಲ್ಲೇ ಬಿಗಿಯಾಗುತ್ತದೆ. ಬಿಎಂಡಬ್ಲ್ಯು ಬೋಲ್ಟಿನ ತಲೆಯ ಕೆಳಗೆ ಶಂಕುವಿನ ಆಕಾರ ಇರುತ್ತದೆ, ಅದು ಸ್ವಲ್ಪ ಮಟ್ಟಿಗೆ ಚಕ್ರವನ್ನು ನಡುವಿಗೆ ಎಳೆಯುತ್ತದೆ ನಿಜ. ಆದರೆ ಚಕ್ರವನ್ನು ಗಾಳಿಯಲ್ಲಿ ಎತ್ತಿ, ಎದುರು ಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದರೆ ಮಾತ್ರ. ಮೊದಲ ಬೋಲ್ಟನ್ನೇ ಗಾಳಿ ಗನ್ ಹಿಡಿದು ಟರ್ರ್ ಅಂತ ಪೂರ್ತಿ ಬಿಗಿದರೆ ಮುಗಿಯಿತು, ಉಳಿದ ನಾಲ್ಕು ಏನೂ ಮಾಡಲಾರವು.

ಮತ್ತೆ ಬ್ಯಾಲೆನ್ಸಿಂಗ್ ಮೆಷಿನ್ ಯಾಕೆ ಸೊನ್ನೆ ತೋರಿಸಿತು? ಅದು ಚಕ್ರವನ್ನು ಹಿಡಿಯುವುದೇ ನಡುವಿನ ತೂತಿಗೆ ಶಂಕು ತೂರಿಸಿ. ಮೆಷಿನ್ ಮೇಲೆ ಚಕ್ರ ನಟ್ಟನಡುವೆ. ಕಾರಿನ ಮೇಲೆ ವಾರೆ. ಮೆಷಿನ್ ಹೇಳಿದ್ದು ಸುಳ್ಳಲ್ಲ, ನಾನು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಪರಿಹಾರ ಒಂದು ಉಂಗುರ. ಹೊರವ್ಯಾಸ 74.1, ಒಳವ್ಯಾಸ 72.6. ಗೋಡೆಯ ದಪ್ಪ ಅದೇ ಮುಕ್ಕಾಲು ಮಿಲಿಮೀಟರ್. ಪ್ಲಾಸ್ಟಿಕ್‌ನದೂ ಸಿಗುತ್ತದೆ, ಅಲ್ಯೂಮಿನಿಯಂನದೂ ಸಿಗುತ್ತದೆ. ಬ್ರೇಕಿನ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಬಹುದು ಅಂತ ಅಲ್ಯೂಮಿನಿಯಂನದನ್ನೇ ತರಿಸಿದೆ. ಹಬ್‌ನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಉಂಗುರ ಕೂರಿಸಿ, ಚಕ್ರ ತೂರಿಸಿದಾಗ ಮೊದಲ ಸಲ ಆ ಸದ್ದು ಕೇಳಿಸಿತು. ಮುಚ್ಚಳ ಸರಿಯಾಗಿ ಕೂತಾಗ ಬರುತ್ತದಲ್ಲ, ಟಪ್ ಅಂತ, ಅದು. ಬೋಲ್ಟ್ ಹಾಕುವ ಮೊದಲೇ ಚಕ್ರ ತಾನಾಗಿ ನಿಂತಿತ್ತು. ಹಿಂದಿನ ಸಲ ಅದನ್ನು ಮೊಣಕಾಲಿನಲ್ಲಿ ಒತ್ತಿ ಹಿಡಿಯಬೇಕಾಗಿತ್ತು ಅನ್ನುವುದು ಆಗ ನೆನಪಾಯಿತು. ಅವತ್ತೇ ಗೊತ್ತಾಗಬೇಕಿತ್ತು ಅಲ್ವಾ?

90 ಬಂತು. 105 ಬಂತು. ಏನೂ ಇಲ್ಲ. ಸುಮ್ನೆ ಆ ಖುಷಿಗೆ ಇನ್ನೂ ನಲವತ್ತು ಕಿಲೋಮೀಟರ್ ಓಡಿಸಿದೆ.

ಈ ಅನುಭವದ ಮೇಲೆ ನನಗೆ ಅಳತೆಯ ಹುಚ್ಚು ಹಿಡಿಯಿತು. ಯಾರ ಕಾರು ಕಂಡರೂ ಚಕ್ರದ ಕಡೆಗೇ ಕಣ್ಣು. ಹಾಗೆ ಕಲಿತದ್ದರಲ್ಲಿ ಮೊದಲನೆಯದು, ಬೋಲ್ಟಿನ ಸುತ್ತನ್ನು ಟೇಪ್ ಹಿಡಿದು ಅಳೆಯಬಾರದು ಅನ್ನುವುದು. ಐದು ತೂತಿನ ಚಕ್ರದಲ್ಲಿ ಎದುರು ಬದುರು ತೂತು ಇರುವುದಿಲ್ಲ, ಹಾಗಾಗಿ ಪಕ್ಕಪಕ್ಕದ ಎರಡು ತೂತುಗಳ ನಡುವಿನ ದೂರ ಅಳೆದು 1.7ರಿಂದ ಗುಣಿಸುತ್ತಾರೆ. 120 ಮಿಲಿಮೀಟರ್ ಸುತ್ತಿಗೆ ಆ ದೂರ 70.5. ಹಳೇ ಜಾಗ್ವಾರ್ ಎಕ್ಸ್‌ಜೆಗಳ ಸುತ್ತು 120.65, ಇಂಚಿನ ಲೆಕ್ಕದಲ್ಲಿ ನಾಲ್ಕೂಮುಕ್ಕಾಲು. ಅಲ್ಲಿ ಆ ದೂರ 70.9. ಈ ಅರೆ ಮಿಲಿಮೀಟರಿಗೂ ಕಡಿಮೆ ಅಂತರವನ್ನು ಯಾವ ಟೇಪು ಹೇಳುತ್ತದೆ? ಬೋಲ್ಟುಗಳು ಒಳಗೆ ಹೋಗುತ್ತವೆ ಕೂಡ, ಸ್ವಲ್ಪ ಹಟ ಮಾಡಿ. ಒಳಗೆ ಹೋದ ಮೇಲೆ ಒಂದೊಂದೂ ಓರೆಯಾಗಿ ಎಳೆಯುತ್ತಿರುತ್ತದೆ. ಮರ್ಸಿಡಿಸ್‌ನ 112ಕ್ಕೂ ಲೆಕ್ಸಸ್ ಎಲ್‌ಎಸ್ 400ರ 114.3ಕ್ಕೂ ಇದೇ ಕತೆ. ಕಣ್ಣಿಗೆ ಎರಡೂ ಒಂದೇ.

ಸುತ್ತು ಒಂದೇ ಇದ್ದರೂ ನಂಬುವ ಹಾಗಿಲ್ಲ. ಐದು ತೂತು, 120 ಮಿಲಿಮೀಟರ್ ಅನ್ನುವ ಅಳತೆ ಫೋಕ್ಸ್‌ವ್ಯಾಗನ್‌ನ ಟಿ5 ವ್ಯಾನಿಗೂ ಇದೆ, ಲೆಕ್ಸಸ್ ಎಲ್‌ಎಸ್ 460ಕ್ಕೂ ಇದೆ. ನಡುವಿನ ತೂತು ಮಾತ್ರ ಮೊದಲನೆಯದಕ್ಕೆ 65.1, ಎರಡನೆಯದಕ್ಕೆ 60.1.

ಆಫ್‌ಸೆಟ್ ವಿಷಯಕ್ಕೆ ಬರುತ್ತೇನೆ, ಜನ ಜಾಸ್ತಿ ಎಡವುವುದು ಇಲ್ಲೇ. ಚಕ್ರದ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ದೂರದಲ್ಲಿದೆ ಅನ್ನುವುದೇ ಆಫ್‌ಸೆಟ್. ಜರ್ಮನ್ ಚಕ್ರಗಳ ಹಿಂಬದಿ ಇದನ್ನು ಇಟಿ ಅಂತ ಅಚ್ಚು ಹಾಕಿರುತ್ತಾರೆ. ಬಿಎಂಡಬ್ಲ್ಯು ತನ್ನ ಚಕ್ರಗಳಲ್ಲಿ ಐಎಸ್ ಅಂತ ಬರೆಯುತ್ತದೆ. ನಾನು ಮೊದಲ ಸಲ 'ಐಎಸ್ 20' ನೋಡಿ ಏನೋ ಗುಣಮಟ್ಟದ ಮುದ್ರೆ ಅಂದುಕೊಂಡಿದ್ದೆ.

ಗೆಳೆಯನೊಬ್ಬ ತನ್ನ ಹಳೇ ಎಕ್ಸ್5ನಿಂದ ಬಿಚ್ಚಿದ 18 ಇಂಚಿನ ಚಕ್ರಗಳನ್ನು ಪುಕ್ಕಟೆ ಕೊಡುತ್ತೇನೆ ಅಂದ. "ತಗೊಳೋ, ಅದೇ ಕಂಪನಿ, ಅದೇ ಐದು ಬೋಲ್ಟು." ಅಗಲ ಎಂಟೂವರೆ ಇಂಚು, ಆಫ್‌ಸೆಟ್ 48. ನಾನು ಕಾಗದ ತೆಗೆದುಕೊಂಡೆ. ನನ್ನ ಮೂಲ ಚಕ್ರ ಏಳೂವರೆ ಇಂಚು, ಆಫ್‌ಸೆಟ್ 20. ಅಗಲ ಒಂದು ಇಂಚು ಜಾಸ್ತಿ ಅಂದರೆ ಒಳಕ್ಕೆ ಅರ್ಧ ಇಂಚು, ಹೊರಕ್ಕೆ ಅರ್ಧ ಇಂಚು, ತಲಾ 12.7 ಮಿಲಿಮೀಟರ್. ಆಫ್‌ಸೆಟ್ 28 ಹೆಚ್ಚಿದ್ದರಿಂದ ಇಡೀ ಚಕ್ರ 28 ಮಿಲಿಮೀಟರ್ ಒಳಕ್ಕೆ ಸರಿಯುತ್ತದೆ. ಕೂಡಿಸಿದರೆ ಒಳಗಡೆ ನಲವತ್ತು ಮಿಲಿಮೀಟರಿಗೂ ಜಾಸ್ತಿ. ಮುಂದಿನ ಚಕ್ರದ ಒಳಗೆ ಸಸ್ಪೆನ್ಷನ್ ಕಂಬ ಇರುತ್ತದೆ. ಅಲ್ಲಿ ನಲವತ್ತು ಮಿಲಿಮೀಟರ್ ಜಾಗ ಯಾರು ಖಾಲಿ ಬಿಟ್ಟಿರುತ್ತಾರೆ? ಇತ್ತ ಹೊರಗಿನ ಅಂಚು 15 ಮಿಲಿಮೀಟರ್ ಒಳಗೆ ಹೋಗಿ, ದೊಡ್ಡ ಕಾರು ಕಾಲು ಒಳಕ್ಕೆ ಎಳೆದುಕೊಂಡು ನಿಂತ ಹಾಗೆ ಕಾಣುತ್ತಿತ್ತು. ಬೇಡ ಅಂದೆ. ಹಬ್ ಮತ್ತು ಚಕ್ರದ ನಡುವೆ ಸ್ಪೇಸರ್ ಅನ್ನುವ ಬಿಲ್ಲೆ ಹಾಕಿಸು ಅಂದ. ಅದಕ್ಕೆ ಉದ್ದನೆಯ ಬೋಲ್ಟ್, ಸ್ಪೇಸರಿಗೂ ಸರಿಯಾದ ನಡುವಿನ ಬಳೆ, ಮತ್ತೆ ಅದೇ ಪುರಾಣ. ಪುಕ್ಕಟೆ ಚಕ್ರ ಅವನ ಗ್ಯಾರೇಜಿನಲ್ಲೇ ಉಳಿಯಿತು.

ಆಫ್‌ಸೆಟ್ ತಪ್ಪಿದರೆ ಉಜ್ಜುವುದೊಂದೇ ತೊಂದರೆಯಲ್ಲ. ಚಕ್ರ ಹೊರಕ್ಕೆ ಹೋದಷ್ಟೂ ಬೇರಿಂಗ್ ಮೇಲಿನ ಎಳೆತ ಜಾಸ್ತಿ. ಸ್ಟೀರಿಂಗ್ ತಿರುಗುವ ಗೆರೆಗೂ ಟಯರಿನ ನಡುವಿಗೂ ಇರುವ ಲೆಕ್ಕ ಕೆಡುತ್ತದೆ. ಆಗ ರಸ್ತೆಯ ಪ್ರತಿ ಗೆರೆಯನ್ನೂ ಕಾರು ಹಿಂಬಾಲಿಸುತ್ತದೆ. ಇಂಥ ಕಾರನ್ನು ಕೊಂಡವರು ಒಂದೇ ಕೈಯಲ್ಲಿ ನಿರಾಳವಾಗಿ ಓಡಿಸಲಿಕ್ಕೆ ಕೊಂಡಿರುತ್ತಾರೆ. ಅದೇ ಹೋದರೆ ಉಳಿಯುವುದು ಪೆಟ್ರೋಲ್ ಖರ್ಚು ಮಾತ್ರ.

ಬೋಲ್ಟಿನ ಬಗ್ಗೆ ಎರಡು ಮಾತು. ಬಿಎಂಡಬ್ಲ್ಯು ಬೋಲ್ಟಿಗೆ ಶಂಕುವಿನ ಸೀಟು, ಮರ್ಸಿಡಿಸ್, ಆಡಿಗಳ ಮೂಲ ಬೋಲ್ಟಿಗೆ ಗುಂಡನೆಯ ಸೀಟು. ಗುಂಡನೆಯ ಗುಂಡಿಯಲ್ಲಿ ಶಂಕು ಕೂರಿಸಿದರೆ ಅದು ಒಂದು ಗೆರೆಯಲ್ಲಷ್ಟೇ ತಾಗುತ್ತದೆ. ಬಿಗಿ ಆಯಿತು ಅನ್ನಿಸುತ್ತದೆ, ನೂರು ಕಿಲೋಮೀಟರ್ ಆದ ಮೇಲೆ ಸಡಿಲ. ಉದ್ದವೂ ಮುಖ್ಯ. ಹಳೇ ಮರ್ಸಿಡಿಸ್‌ಗಳಲ್ಲಿ ಅಲಾಯ್ ಚಕ್ರಕ್ಕೆ ಉದ್ದ ಬೋಲ್ಟ್, ಕಬ್ಬಿಣದ ಚಕ್ರಕ್ಕೆ ಗಿಡ್ಡ ಬೋಲ್ಟ್. ಉದ್ದನೆಯದನ್ನೇ ತೆಳ್ಳಗಿನ ಕಬ್ಬಿಣದ ಚಕ್ರಕ್ಕೆ ಹಾಕಿದರೆ, ಹಿಂದುಗಡೆ ಹಬ್ ದಾಟಿ ಒಳಗಿರುವ ಹ್ಯಾಂಡ್‌ಬ್ರೇಕ್ ಭಾಗಗಳಿಗೆ ಹೋಗಿ ಬಡಿಯುತ್ತದೆ. ಬಿಗಿತ ಎಂ12 ಬೋಲ್ಟಿಗೆ ಸಾಮಾನ್ಯವಾಗಿ 100ರಿಂದ 120 ನ್ಯೂಟನ್ ಮೀಟರ್. ಟಾರ್ಕ್ ಸ್ಪ್ಯಾನರ್ ಇಟ್ಟುಕೊಳ್ಳಿ, ಕಾಲಿನಿಂದ ತುಳಿದು ಬಿಗಿಯಬೇಡಿ.

ಇಷ್ಟೆಲ್ಲ ಪಂಡಿತನಾದ ಮೇಲೂ ನಾನು ಇನ್ನೊಂದು ದೊಡ್ಡ ತಪ್ಪಿನ ಮೇಲೆ ಕೂತು ಓಡಾಡುತ್ತಿದ್ದೆ. ಅದು ಟಯರ್. ಚಕ್ರದ ಜೊತೆ ಬಂದದ್ದು 5 ಸೀರೀಸ್‌ನ ಟಯರುಗಳು, 235/45 ಆರ್17. ನನ್ನ ಕಾರಿನ ಮೂಲ ಅಳತೆ 235/60 ಆರ್16. ಮೊದಲ ಸಂಖ್ಯೆ ಟಯರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಅನ್ನುವುದು, ಕೊನೆಯದು ಚಕ್ರದ ಇಂಚು. ಒಂದು ದಿನ ಮೀಟರ್ 100 ತೋರಿಸುವಾಗ ಫೋನಿನ ಮ್ಯಾಪ್ 91 ತೋರಿಸುತ್ತಿತ್ತು. ಮೊದಲೆಲ್ಲ 97 ಇರುತ್ತಿತ್ತು.

ಮತ್ತೆ ಕಾಗದ. ಮೂಲ ಟಯರಿನ ಎತ್ತರ 688 ಮಿಲಿಮೀಟರ್, ಈ ಟಯರಿನದು 643. ಚಕ್ರ ಒಂದು ಇಂಚು ದೊಡ್ಡದಾಯಿತು, ಒಟ್ಟು ಎತ್ತರ ನಾಲ್ಕೂವರೆ ಸೆಂಟಿಮೀಟರ್ ಕಡಿಮೆಯಾಯಿತು. ಕಾರು ಎರಡು ಸೆಂಟಿಮೀಟರಿಗೂ ಜಾಸ್ತಿ ಕೆಳಗಿಳಿದಿತ್ತು, ಅದನ್ನು ನೋಡಿ ನಾನು "ಸೊಗಸಾಗಿ ಕೂತಿದೆ" ಅಂತ ಮೆಚ್ಚಿಕೊಂಡಿದ್ದೆ! ಎತ್ತರಕ್ಕಿಂತ ಹೆದರಿಸಿದ್ದು ಭಾರದ ಲೆಕ್ಕ. ಟಯರಿನ ಪಕ್ಕದಲ್ಲಿ ಅಳತೆಯ ನಂತರ ಒಂದು ಸಂಖ್ಯೆ ಇರುತ್ತದೆ. ಮೂಲ ಟಯರಿನಲ್ಲಿ ಅದು 100, ಅಂದರೆ ಒಂದು ಟಯರ್ 800 ಕೆಜಿ ಹೊರಬಲ್ಲದು. ಬಂದ ಟಯರಿನಲ್ಲಿ 94, ಅಂದರೆ 670 ಕೆಜಿ. ಎರಡು ಟಯರ್ ಸೇರಿದರೆ ಒಂದು ಅಚ್ಚಿಗೆ 260 ಕೆಜಿ ಕಡಿಮೆ. ಖಾಲಿ ಇದ್ದಾಗಲೇ ಸುಮಾರು 1,800 ಕೆಜಿ ತೂಗುವ ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ನಾನು ಆರಾಮಾಗಿ ಓಡಾಡಿದ್ದೆ.

ಕೊನೆಗೆ ಹಾಕಿಸಿದ್ದು 235/55 ಆರ್17. ಎತ್ತರ 690, ಮೂಲಕ್ಕಿಂತ ಎರಡು ಮಿಲಿಮೀಟರ್ ವ್ಯತ್ಯಾಸ. ಈ ಅಳತೆಯಲ್ಲಿ ಸಾದಾ ಟಯರಿಗೆ ಭಾರದ ಸಂಖ್ಯೆ 99, ಅದೂ ಒಂದು ಮೆಟ್ಟಿಲು ಕಡಿಮೆ. 103 ಇರುವ ಎಕ್ಸ್‌ಟ್ರಾ ಲೋಡ್ ಟಯರ್ ಹುಡುಕಿ ತಂದೆ. ಅಂಥ ಟಯರು ಪೂರ್ತಿ ಭಾರ ಹೊರಲು ಗಾಳಿ ಜಾಸ್ತಿ ಬೇಡುತ್ತದೆ ಅನ್ನುವುದು ನೆನಪಿರಲಿ.

ಟಯರಿನ ಗೋಡೆಯ ಎತ್ತರ ಮೂಲದಲ್ಲಿ 141 ಮಿಲಿಮೀಟರ್ ಇತ್ತು. ಈಗ 129. ಆ 5 ಸೀರೀಸ್ ಟಯರಿನಲ್ಲಿ 106 ಇತ್ತು. ಹೊಸ ಟಯರ್ ಹಾಕಿಸಿಕೊಂಡು ಬಂದ ದಿನ ಮನೆಯಲ್ಲಿ "ಕಾರು ರಿಪೇರಿ ಆಯ್ತಾ?" ಅಂತ ಕೇಳಿದರು. ಯಾರೂ ಏನೂ ಹೇಳಿರಲಿಲ್ಲ, ಇಷ್ಟು ದಿನ ಸುಮ್ಮನೆ ಸಹಿಸಿಕೊಂಡಿದ್ದರು. ಈ ಕಾಲದ ದೊಡ್ಡ ಕಾರುಗಳನ್ನು ಮಾಡಿದವರು ಆ ರಬ್ಬರ್ ಗೋಡೆಯನ್ನೂ ಸಸ್ಪೆನ್ಷನ್‌ನ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. ಅದರಲ್ಲಿ 35 ಮಿಲಿಮೀಟರ್ ಕಿತ್ತುಕೊಂಡು, ಆಮೇಲೆ ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ ಬೈಯುವವರನ್ನು ಬಹಳ ನೋಡಿದ್ದೇನೆ. 19, 20 ಇಂಚು ಹಾಕಿದ ಇ38ಗಳು ಫೋಟೋದಲ್ಲಿ ಚೆನ್ನ. ನನ್ನ ಬೆನ್ನು ಫೋಟೋದಲ್ಲಿ ಕೂರುವುದಿಲ್ಲ.

ನನ್ನದು ಆಸೆಗೆ ಚಕ್ರ ಬದಲಾಯಿಸಿದ ಕತೆ. ಬೇರೆ ದಾರಿಯೇ ಇಲ್ಲದೆ ಬದಲಾಯಿಸುವವರೂ ಇದ್ದಾರೆ. ಮಿಶೆಲಿನ್ ಕಂಪನಿ 1975ರ ಸುಮಾರಿಗೆ ಟಿಆರ್‌ಎಕ್ಸ್ ಅನ್ನುವ ಟಯರ್ ತಂದಿತು. ಅದರ ಚಕ್ರದ ಅಳತೆ ಇಂಚಿನಲ್ಲಲ್ಲ, ಮಿಲಿಮೀಟರಿನಲ್ಲಿ. 390 ಅಂದರೆ 15.35 ಇಂಚು. ಅತ್ತ 15ಕ್ಕೂ ಇಲ್ಲ, ಇತ್ತ 16ಕ್ಕೂ ಇಲ್ಲ. ಟಯರ್ ಕೂರುವ ಅಂಚಿನ ಆಕಾರವೂ ಬೇರೆ. 1986ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಜೆ40ರ ಶುರುವಿನ ಕಾರುಗಳಿಗೂ ಹೀಗೇ ಮಿಲಿಮೀಟರ್ ಚಕ್ರ. 2003ರ ರೋಲ್ಸ್ ರಾಯ್ಸ್ ಫ್ಯಾಂಟಮ್‌ಗೆ ಪ್ಯಾಕ್ಸ್ ಅನ್ನುವ, ಗಾಳಿ ಹೋದರೂ ಓಡಬಲ್ಲ ರನ್‌ಫ್ಲಾಟ್ ವ್ಯವಸ್ಥೆ, ಅದರ ಚಕ್ರ 540 ಮಿಲಿಮೀಟರ್. ಅಂಥ ಚಕ್ರಕ್ಕೆ ಸಾದಾ ಟಯರ್ ಹಾಕುವ ಹಾಗೇ ಇಲ್ಲ. ಚಕ್ರ ಚಿನ್ನದ ಹಾಗಿದ್ದರೂ ಸರಿ, ಟಯರಿಗೋಸ್ಕರ ನಾಲ್ಕನ್ನೂ ತೆಗೆದಿಡಬೇಕು. ಆ ಮಾಲೀಕರ ಎದುರು ನನ್ನ ಗೋಳು ಏನೇನೂ ಅಲ್ಲ.

ಒಡೆದ ಮೂಲ ಚಕ್ರಕ್ಕೆ ಬದಲಾಗಿ ಆಮೇಲೆ ಒಂದು 16 ಇಂಚಿನದು ಸಿಕ್ಕಿತು. ಕೊಳ್ಳುವಾಗ ಈ ಸಲ ಮುಂಭಾಗ ನೋಡಲೇ ಇಲ್ಲ. ಮಗುಚಿ ಹಾಕಿ ಒಳಗಿನ ಅಂಚಿನ ಸುತ್ತ ಬೆರಳು ಓಡಿಸಿದೆ. ಬಣ್ಣ ದಪ್ಪವಾಗಿ ತಾಗುವ ಕಡೆ ಅನುಮಾನ ಪಡಬೇಕು, ಅದರ ಅಡಿಯಲ್ಲಿ ವೆಲ್ಡ್ ಇರಬಹುದು. ಬ್ಯಾಲೆನ್ಸಿಂಗ್ ಮೆಷಿನ್‌ಗೆ ಹಾಕಿಸಿ ಟಯರಿಲ್ಲದೆ ತಿರುಗಿಸಿ, ಅಂಚಿನ ಪಕ್ಕ ಸ್ಕ್ರೂಡ್ರೈವರ್ ತುದಿ ಹಿಡಿದು ನೋಡಿದೆ. ಸಂದು ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ಹಳೆಯ ನಾಲ್ಕು ಚಕ್ರ ಹೀಗೆ ಮತ್ತೆ ಪೂರ್ತಿಯಾಯಿತು. ಮೂರು ಮನೆಯಲ್ಲಿವೆ. ಒಂದು ಡಿಕ್ಕಿಯಲ್ಲಿ ಸ್ಟೆಪ್ನಿಯಾಗಿ ಇದೆ, ಎತ್ತರ ಹೇಗೂ ಹೊಂದುತ್ತದೆ ಅಂತ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಮುಂದಿನ ಬಲಗಡೆ ಪಂಕ್ಚರ್ ಆಯಿತು. ಜಾಕ್ ಏರಿಸಿ, ಚಕ್ರ ಬಿಚ್ಚಿ, ಸ್ಟೆಪ್ನಿ ಎತ್ತಿ ತೂರಿಸಿದೆ. ಹೋಗಲಿಲ್ಲ. ತಿರುಗಿಸಿ ತೂರಿಸಿದೆ. ಹೋಗಲಿಲ್ಲ. ಫೋನಿನ ಬೆಳಕು ಹಿಡಿದು ಬಗ್ಗಿ ನೋಡಿದರೆ, ಆ ಅಲ್ಯೂಮಿನಿಯಂ ಉಂಗುರ ಚಕ್ರದ ಜೊತೆ ಬಂದಿರಲಿಲ್ಲ. ತುಕ್ಕು ಹಿಡಿದು ಹಬ್‌ಗೇ ಅಂಟಿಕೊಂಡು ಕೂತಿತ್ತು. ಹಬ್ ಈಗ 74. ನನ್ನ ಕೈಯಲ್ಲಿದ್ದ ಅಸಲಿ ಚಕ್ರದ ತೂತು 72.6.

ಮಳೆಯಲ್ಲಿ ನೆನೆಯುತ್ತಾ, ಮುಕ್ಕಾಲು ಮಿಲಿಮೀಟರ್ ದಪ್ಪದ ಬಳೆಯನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಮೀಟಿ ತೆಗೆಯಲು ನಲವತ್ತು ನಿಮಿಷ ಹಿಡಿಯಿತು. ಬಂದಾಗ ಅದು ಸೊಟ್ಟಗಾಗಿ ಹಲಸಿನ ಚಿಪ್ಸಿನ ಹಾಗಿತ್ತು. ಸ್ಟೆಪ್ನಿ ಟಪ್ ಅಂತ ಕೂತಿತು.

ಈಗ ಟೂಲ್ ಕಿಟ್‌ನಲ್ಲಿ ಎರಡು ಹೊಸ ಉಂಗುರ, ಒಂದು ತಂತಿ ಬ್ರಷ್, ಗ್ರೀಸಿನ ಚಿಕ್ಕ ಡಬ್ಬಿ ಇವೆ. ಹೊಸ ಉಂಗುರಗಳು ಪ್ಲಾಸ್ಟಿಕ್‌ನವು.